ಬಹಿಯಲ್ಲಿ ಶಾಂಭವಿಯ ಸಾಲು

“ಕಾಶಿಯಲ್ಲಿದ್ದೀರಿ, ಮಕ್ಕಳ ಓದಿನ ಚಿಂತೆ ನಿಮಗೇಕೆ? ಅಲ್ಲಿನ ಗಾಳಿಯಲ್ಲೇ ವಿದ್ಯೆಯಿದೆ.” ಊರ ಕಡೆಯಿಂದ ಬರುವ ಯಾತ್ರಿಕರೆಲ್ಲ ನನಗೆ ಹೇಳುವ ಮಾತಿದು. ನಾನು ಒಪ್ಪುವುದಿಲ್ಲ. ಐದನೆಯ ತರಗತಿಯಲ್ಲಿದ್ದ ನನ್ನ ಮೊಮ್ಮಗಳು ಶಾಂಭವಿ ಕಳೆದ ಚಳಿಗಾಲದಲ್ಲಿ ನನ್ನೆದುರು ಕುಳಿತು ಹಿಂದಿಯ ನವಿಲಿನ ಪಾಠವನ್ನು ಒಂದಕ್ಷರವೂ ತಪ್ಪದೆ ಓದಿದಳು. ಅವಳ ಕೈಯಲ್ಲಿ ತೆರೆದಿದ್ದುದು ಬೇರೆ ಪಾಠ.

“ನವಿಲು ಎಲ್ಲೈತವ್ವಾ? ಇಲ್ಲಿ ರೈಲಿನ ಚಿತ್ರ ಐತಲ್ಲ?”

“ನಂಗ ಯಾದ್ ಐತಿ, ಅಜ್ಜಾ. ಮೇಡಮ್ ಬೋರ್ಡ್ ಮ್ಯಾಲ ಬರೀತಾರ, ನಾವು ಉತಾರ್ತೀವಿ.”

ಯಾದ್ ಎಂದರೆ ನೆನಪು, ಉತಾರುವುದೆಂದರೆ ಇಲ್ಲಿ ನೋಡಿ ನಕಲು ಮಾಡುವುದು. ಅವಳ ಪ್ರಗತಿಪತ್ರದಲ್ಲಿ ‘ಬಹುತ್ ಅಚ್ಛಾ’ ಎಂದಿತ್ತು.

ನಾನು ಕಾಶಿಯ ಶಿವಾಲದ ಈ ಗಲ್ಲಿಗೆ ಬಂದದ್ದು ಹನ್ನೆರಡರ ವಯಸ್ಸಿನಲ್ಲಿ, ಪುರೋಹಿತರಾಗಿದ್ದ ಸೋದರಮಾವನ ಹಿಂದೆ. ಹಾವೇರಿ ಸೀಮೆಯ ನಮ್ಮೂರಿನ ಶಾಲೆಯನ್ನು ನಾನು ಕಂಡದ್ದು ಹೊರಗಿನಿಂದ ಮಾತ್ರ. ಎಮ್ಮೆ ಹೊಡೆದುಕೊಂಡು ಹೋಗುವಾಗ ಕಿಟಕಿಯಾಚೆಯ ಮಗ್ಗಿ ಕೇಳಲೆಂದು ನಿಲ್ಲುತ್ತಿದ್ದೆ. ಇಲ್ಲಿನ ಮಕ್ಕಳೂ ಮಗ್ಗಿ ಹೇಳುತ್ತಾರೆ, ‘ದೋ ಏಕಮ್ ದೋ’ ಎಂದು. ನನ್ನ ಕಿವಿ ಇಂದಿಗೂ ಅದರಲ್ಲಿ ‘ಎರಡೊಂದ್ಲೆ ಎರಡು’ ಹುಡುಕುತ್ತದೆ.

ನನಗೆ ಅಕ್ಷರ ಕಲಿಸಿದ್ದು ನಮ್ಮ ಪುರೋಹಿತರ ಮನೆಯ ಬಹಿ. ಊರ ಕಡೆಯ ಯಾತ್ರಿಕರು ತಮ್ಮ ಹೆಸರು, ಊರು, ಯಾರ ಸಲುವಾಗಿ ಬಂದೆವೆಂಬುದನ್ನು ಸ್ವಹಸ್ತದಿಂದ ಕನ್ನಡದಲ್ಲಿ ಬರೆದಿಡುವ ಉದ್ದನೆಯ ಪುಸ್ತಕವದು. ಬರೆದವರನ್ನೇ ಹಿಡಿದು, ಇದು ಯಾವ ಅಕ್ಷರವೆಂದು ಕೇಳುತ್ತಿದ್ದೆ.

ಮೊಮ್ಮಗಳ ಶಾಲೆಗೆ ಹೋದೆ. ಒಂದೇ ಕೋಣೆ, ಮೂರು ತರಗತಿ, ಒಬ್ಬರೇ ಶಿಕ್ಷಕಿ. ಇವಳಿಗೆ ಓದಲು ಬಾರದು, ಇನ್ನೊಂದು ವರ್ಷ ಐದರಲ್ಲೇ ಇರಿಸಿಕೊಳ್ಳಿ ಎಂದು ಹಿಂದಿಯಲ್ಲಿ ಬೇಡಿಕೊಂಡೆ.

“ಇವಳೊಬ್ಬಳೇ ಅಂದುಕೊಂಡಿರಾ, ಬಾಬಾ?” ಎಂದರು ಆಕೆ. “ಇವಳನ್ನು ತಡೆದರೆ ಇಡೀ ಸಾಲನ್ನೇ ತಡೆಯಬೇಕು. ಪಾಪ, ಸುಮ್ಮನೆ ಕೂರುತ್ತಾಳೆ. ಅಷ್ಟೇ ನನಗೆ ದೊಡ್ಡ ಉಪಕಾರ.”

ಆಕೆಯ ಮೇಲೆ ಸಿಟ್ಟಾಗಲು ಮನಸ್ಸು ಬರಲಿಲ್ಲ. ಬೇರೆಲ್ಲೂ ಇಳಿಸಲಾಗದ ಸಿಟ್ಟನ್ನು ಹೊತ್ತು ಮನೆಗೆ ಬಂದೆ.

“ಪಾಸಾಗೋ ಹುಡುಗೀನ ಫೇಲ್ ಮಾಡ್ರಿ ಅಂದವ್ರು ಕಾಶ್ಯಾಗ ನೀವೊಬ್ರ ನೋಡ್ರಿ, ಮಾವಾರ!” ಎಂದು ಸೊಸೆ ನಕ್ಕಳು. “ನೀವು ಯಾವ ಸಾಲೀಗೆ ಹೋಗಿದ್ರಿ?”

“ಹೋಗಿಲ್ಲವ್ವಾ. ಅದಕ್ಕ ಕೇಳಾಕ ಹೋಗಿದ್ದೆ.”

ಮರುದಿನದಿಂದ ಶಾಂಭವಿಯನ್ನು ಬಹಿಯ ಮುಂದೆ ಕೂರಿಸಿಕೊಂಡೆ; ಅಕ್ಷರ ಕೂಡಿಸಿ ಓದುವುದು ಕನ್ನಡದಲ್ಲಿ ಒಮ್ಮೆ ಬಂದರೆ ಹಿಂದಿಗೂ ಆದೀತು. ಬಾಯಿಪಾಠ ಮಾಡಿ ದಾಟಲು ಅದರಲ್ಲಿ ಸಾಧ್ಯವಿಲ್ಲ. ಪ್ರತಿ ಸಾಲೂ ಹೊಸಬರದು, ಪ್ರತಿ ಕೈಬರಹವೂ ಬೇರೆ. ಅತ್ತಳು, ಮುನಿಸಿಕೊಂಡಳು, ಮತ್ತೆ ಬಂದು ಕುಳಿತಳು.

ಚಳಿ ಕಳೆದ ಮೇಲೆ ಒಂದು ಮುಂಜಾನೆ, ಗಂಡನ ಅಸ್ಥಿಯನ್ನು ಗಂಗೆಗೆ ಬಿಟ್ಟ ಹೆಂಗಸೊಬ್ಬಳು ನಮ್ಮ ಜಗಲಿಯಲ್ಲಿ ಕುಳಿತು ನಿಧಾನವಾಗಿ ಬಹಿ ಬರೆದಳು. ಶಾಂಭವಿ ಬೆರಳಿಟ್ಟು ತಾನಾಗಿಯೇ ಕೂಡಿಸತೊಡಗಿದಳು. “ನೀ… ಲ… ವ್ವ. ನೀಲವ್ವ!”

ಹೆಂಗಸು ತಲೆಯೆತ್ತಿದಳು. “ಹೌದು ನನ್ನವ್ವಾ, ನಾನ ನೀಲವ್ವ. ಹೆಸರು ಹಿಡದು ಕರಿಯೋರು ಹೋಗೇಬಿಟ್ರು ಅಂದ್ಕೊಂಡಿದ್ನಿ.”

ಆಕೆ ಹೋದ ಮೇಲೆ ಶಾಂಭವಿ ಆ ಸಾಲಿನ ಕೆಳಗೆ ತನ್ನ ಹೆಸರು ಬರೆದಳು. ಊರು ಬರೆಯುವಲ್ಲಿ ಲೇಖನಿ ನಿಂತಿತು.

“ನಮ್ಮೂರು ಯಾವ್ದು, ಅಜ್ಜಾ?”

ನನ್ನ ಬಾಯಿಗೆ ಎರಡು ಹೆಸರು ಬಂದವು, ಹುಟ್ಟಿದೂರಿನದೊಂದು, ಕಾಶಿಯದೊಂದು. ಅವಳ ಕೈಯಿಂದ ಲೇಖನಿ ತೆಗೆದುಕೊಂಡು ಮುಚ್ಚಿದೆ.

ಈಗ ಅವಳು ಆರನೆಯ ತರಗತಿ. ಹಿಂದಿಯ ಹೊಸ ಪಾಠದಲ್ಲಿ ಇನ್ನೂ ತಡವರಿಸುತ್ತಾಳೆ, ಆದರೆ ತೆರೆದ ಪುಟವನ್ನೇ ಓದುತ್ತಾಳೆ.

ಗಾಳಿಯಲ್ಲಿ ವಿದ್ಯೆಯಿದೆಯೆನ್ನುವವರು ಶಿವಾಲಕ್ಕೆ ಬಂದು ಬಹಿ ತೆರೆದು ನೋಡಬಹುದು. ನೀಲವ್ವನ ಸಾಲಿನ ಕೆಳಗೆ, ಹಿಂದಿ ಬರೆದು ರೂಢಿಯಾದ ಕೈ ನೆತ್ತಿಯುದ್ದಕ್ಕೂ ಗೆರೆ ಎಳೆದ ಕನ್ನಡ ಅಕ್ಷರಗಳಲ್ಲಿ ‘ಶಾಂಭವಿ’ ಎಂದಿದೆ. ಊರಿನ ಜಾಗ ಖಾಲಿಯಿದೆ.