ಹಿಂಬದಿ ರೂಮಿನ ಗುಲಾಬಿ ಗಟ್ಟಿಗಳು

ಒಂದು ಸೋಮವಾರ ಬೆಳಿಗ್ಗೆ ನನ್ನ ನಾದಿನಿ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. "ಅತ್ತಿಗೆ, ನಿಮ್ಮ ಹಿಂಬದಿ ರೂಮು ಕೇಳಿರೋನು ಕಾಲೇಜಲ್ಲಿ ಆಸಿಡ್ ಹಿಡಿಯೋನಂತೆ. ಒಂಟಿ ಗಂಡಸು. ನೋಡ್ಕೊಳ್ಳಿ ಮತ್ತೆ!" ಆ ಲ್ಯಾಬ್ ಅಟೆಂಡರ್ ಬಗ್ಗೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಅದು.

ಆತ ಒಂದು ಟ್ರಂಕು, ಒಂದು ಸ್ಟೌ ಹಿಡಿದು ಬಂದ. ಐವತ್ತು ದಾಟಿದ ಮನುಷ್ಯ, ಮಾತು ಮೆತ್ತಗೆ. ಆದರೆ ಕೈ ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ. ಕೈ ಅಡಗಿಸುವವರನ್ನು ನಾನು ನಂಬುವವಳಲ್ಲ. ಭಾನುವಾರ ಮಧ್ಯಾಹ್ನ ಚಿಲಕ ಹಾಕಿಕೊಂಡರೆ ಕಿಟಕಿಯಿಂದ ವಿನೆಗರ್ ವಾಸನೆ. ಕಸದ ಬುಟ್ಟಿಯಲ್ಲಿ ನೋಡಿದರೆ, ಮುಟ್ಟಿದರೆ ಅಲುಗುವ ಗುಲಾಬಿ ಗಟ್ಟಿಗಳು. ಕುಡಿಯುವ ನೀರಿನ ಬಿಂದಿಗೆಗೆ ಮುಚ್ಚಳ ಹಾಕಿ, ಮೇಲೊಂದು ಕಲ್ಲು ಹೇರಿದೆ.

ನಾಲ್ಕನೇ ಭಾನುವಾರ ಬಾಗಿಲು ಬಡಿದೇಬಿಟ್ಟೆ.

"ಏನು ಬೇಯಿಸ್ತಿದ್ದೀರಿ? ನಿಜ ಹೇಳಿ, ಇಲ್ಲಾಂದ್ರೆ ಬೀದಿಯವರನ್ನೆಲ್ಲ ಕರೀತೀನಿ."

"ಅಯ್ಯೋ ಅಮ್ಮಾ, ಇದು ಮಕ್ಕಳ ಪಾಠ! ಬಣ್ಣ ಕಲಸಿದ ಜೆಲ್ಲಿ, ವಿನೆಗರ್ ಒಳಗಿಳಿದಷ್ಟೂ ಬಣ್ಣ ಹೋಗುತ್ತೆ."

ವಿನೆಗರ್ ಇದ್ದ ಲೋಟದಲ್ಲಿ ಎರಡು ಗಟ್ಟಿ ಹಾಕಿದ. ಒಂದು ಸಣ್ಣದು, ಇನ್ನೊಂದರ ಅಂಚು ಅದರ ಎರಡರಷ್ಟು. ಸ್ವಲ್ಪ ಹೊತ್ತಿಗೆ ಸಣ್ಣದು ಪೂರ್ತಿ ಬಣ್ಣ ಕಳೆದುಕೊಂಡಿತು. ದೊಡ್ಡದನ್ನು ಕೊಯ್ದರೆ ನಡುವೆ ಗುಲಾಬಿ ಹಾಗೇ ಇತ್ತು.

"ಅಂಚು ಎರಡರಷ್ಟಾದ್ರೆ ಹೊರಮೈ ನಾಲ್ಕರಷ್ಟು, ಒಳಗಿನದು ಎಂಟರಷ್ಟು. ಒಳಗೆ ಹೋಗೋದೆಲ್ಲ ಹೊರಮೈಯಿಂದಲೇ ತಾನೆ? ನಮ್ಮ ಮೈಯ ಜೀವಕೋಶಗಳೂ ಹಾಗೇ. ತೀರಾ ದಪ್ಪ ಆದ್ರೆ ನಡುವಿಗೆ ಊಟ ತಲುಪಲ್ಲ, ಒಳಗಿನ ಕಸ ಬೇಗ ಆಚೆ ಬರಲ್ಲ. ಅದಕ್ಕೇ ಸಣ್ಣದಾಗಿರ್ತವೆ, ಬೆಳೆದ್ರೆ ಎರಡಾಗ್ತವೆ."

"ಸರಿ. ಇಷ್ಟಕ್ಕೆ ಚಿಲಕ ಯಾಕೆ?"

ಆಗ ಆತ ಎರಡೂ ಕೈ ಚಾಚಿದ. ಗಡಗಡ ನಡುಗುತ್ತಿದ್ದವು. ಚಾಕು ಓರೆಯಾಗಿ ಹೋಗಿ ಗಟ್ಟಿಗಳು ಸೊಟ್ಟಗಾಗುತ್ತಿದ್ದವು, ಮಕ್ಕಳ ಲೆಕ್ಕ ತಪ್ಪುತ್ತಿತ್ತು. ಲ್ಯಾಬಿನ ಹೊಸ ಮೇಡಂ ಎರಡು ಸಲ ಗದರಿದ್ದರಂತೆ. ಅದಕ್ಕೇ ಇಲ್ಲಿ ಯಾರಿಗೂ ಕಾಣದಂತೆ ಕೊಯ್ಯುವ ಅಭ್ಯಾಸ. ಮೂರನೇ ಸಲ ತಪ್ಪಿದರೆ ಲ್ಯಾಬ್ ಬಿಡಿಸಿ ಗೇಟಿನ ಸ್ಟೂಲಿನ ಮೇಲೆ ಕಾವಲಿಗೆ ಕೂರಿಸುತ್ತಾರಂತೆ. ಇಪ್ಪತ್ತೆಂಟು ವರ್ಷ ಆ ಲ್ಯಾಬೇ ಅವನ ಮನೆ.

ನಾನು ಸೋಪಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಗಟ್ಟಿ ಕೊಯ್ದವಳು. "ಚಾಕು ಒತ್ತುತ್ತೆ, ಪಕ್ಕ ಉಬ್ಬುತ್ತೆ. ತಂತಿ ತನ್ನಿ" ಎಂದೆ. ತಂತಿಯ ಎರಡೂ ತುದಿಗೆ ಕಡ್ಡಿ ಕಟ್ಟಿ ಎಳೆದೆ. ಆತ ಸ್ಕೇಲ್ ಇಟ್ಟು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಅಮ್ಮಾ, ನಿಮ್ಮನ್ನೇ ಲ್ಯಾಬಿಗೆ ಹಾಕ್ಕೋಬೇಕಿತ್ತು!"

"ಹಾಕ್ಕೊಂಡಿದ್ರೆ ನಿಮ್ಮ ಹಾಗೆ ಜೇಬಲ್ಲಿ ಕೈ ಇಟ್ಕೊಂಡು ನಿಲ್ತಿರಲಿಲ್ಲ ನಾನು."

ಆಮೇಲೆ ಎರಡು ವರ್ಷ ನಾನೇ ಕೊಯ್ದುಕೊಟ್ಟೆ, ಆತ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಅನುಮಾನ ಮಾತ್ರ ಹೋಗಲಿಲ್ಲ, ಬೇರೆ ಕಡೆ ತಿರುಗಿತು. ಗಟ್ಟಿ ಕೊಯ್ಯಲಾರದ ಕೈ ಅಲ್ಲಿ ಆಸಿಡ್ ಬಾಟಲಿಯನ್ನು ಹೇಗೆ ಎತ್ತುತ್ತದೆ? ಅದೂ ಮಕ್ಕಳ ನಡುವೆ? ಕೇಳಿದರೆ, "ಈ ಸಲ ಗಟ್ಟಿ ಬಲು ಚೆನ್ನಾಗಿ ಬಂದಿವೆ ಅಮ್ಮಾ" ಎಂದು ಮಾತು ಹಾರಿಸುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ಮೇಡಂ ಸ್ಕೂಟರ್ ನಮ್ಮ ಬಾಗಿಲಿಗೇ ಬಂತು. ಆತ ನೇರ ನನ್ನ ಅಡುಗೆಮನೆಗೆ ನುಗ್ಗಿದ.

"ನಿನ್ನೆ ಒಂದು ಆಸಿಡ್ ಬಾಟಲಿ ಒಡೀತು ಅಮ್ಮಾ."

"ಮಕ್ಕಳು?"

"ದೂರ ಇದ್ರು, ಯಾರಿಗೂ ಏನೂ ಆಗಿಲ್ಲ. ನೆಲ ಒದ್ದೆ ಇತ್ತು, ಜಾರಿದೆ ಅಂದಿದ್ದೀನಿ. ಮೇಡಂಗೆ ನನ್ನ ಕೈ ಮೇಲೇ ಅನುಮಾನ."

ಹೊರಗೆ ಕದ ತಟ್ಟುವ ಸದ್ದು. ಆತ ನನ್ನನ್ನು ಏನಾದರೂ ಕೇಳಿದ್ದು ಅದೇ ಕೊನೆ:

"ಗಟ್ಟಿ ಯಾರು ಕೊಯ್ಯೋದು ಅಂತ ಅವರು ಕೇಳಿದ್ರೆ, ಇವರೇ ಅಂತ ನನ್ನ ತೋರಿಸ್ತೀರಾ, ಅಮ್ಮಾ?"