ಹೆಣ್ಣುಗಳ ಕೋಣೆಯ ಬಿಳಿ ದೀಪ

ಆ ದೀಪ ಹಾಕಿದವನು ನಾನು, ರಫೀಕನಲ್ಲ. ಆ ಪುಟ್ಟ ಪ್ರಾಣಿಗಳ ಸಂತತಿ ನಮ್ಮಲ್ಲಿಗೆ ಬಂದು ಮುಗಿದುಹೋದದ್ದು ನನ್ನಿಂದ. ಕೆಲಸ ಕಳೆದುಕೊಂಡವನು ಅವನು. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ದೋಹಾದ ಹೊರಗೆ, ಒಬ್ಬ ಶ್ರೀಮಂತರ ತೋಟದೊಳಗೆ, ಅಳಿವಿನಂಚಿನ ಪ್ರಾಣಿಗಳನ್ನು ಬೆಳೆಸುವ ಖಾಸಗಿ ಕೇಂದ್ರವೊಂದಿತ್ತು. ಮಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ನಾನು ಅಲ್ಲಿ ಸಂಶೋಧಕನಾಗಿ ಸೇರಿದ್ದೆ. ಉಳ್ಳಾಲದ ರಫೀಕ್ ಪ್ರಾಣಿಗಳ ಆರೈಕೆಗಿದ್ದ. ನಮ್ಮ ಪಾಲಿಗೆ ಬಂದದ್ದು ಆಂಟೆಕೈನಸ್ — ಆಸ್ಟ್ರೇಲಿಯಾದ ಪುಟ್ಟ ಮಾಂಸಾಹಾರಿ. ನೋಡಲು ಇಲಿಯಂತೆ, ಸಂಬಂಧದಲ್ಲಿ ಕಾಂಗರೂವಿನ ಬಳಗ. ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಬೆಳೆಯುತ್ತವೆ. ಅವುಗಳ ಕಾಡು ಸುಟ್ಟುಹೋಗಿತ್ತು. ಉಳಿದ ಕೆಲವನ್ನು ಇಲ್ಲಿ ಮರಿ ಮಾಡಿಸಿ, ಕಾಡು ಮತ್ತೆ ಚಿಗುರಿದ ಮೇಲೆ ವಾಪಸು ಕಳಿಸಬೇಕೆಂಬುದು ಯೋಜನೆ. ಅದಕ್ಕೆ ಆಸ್ಟ್ರೇಲಿಯಾದ ಮೇಡಂ ಒಬ್ಬರು ಮುಖ್ಯಸ್ಥೆ.

ಈ ಪ್ರಾಣಿಯ ಗಂಡಿಗೆ ಬದುಕಿನಲ್ಲಿ ಒಂದೇ ಬೆದೆಗಾಲ. ಅದು ಮುಗಿಯುವಷ್ಟರಲ್ಲಿ ಗಂಡುಗಳೆಲ್ಲ ಸಾಯುತ್ತವೆ — ರೋಗವಿಲ್ಲ, ಏನಿಲ್ಲ, ದೇಹವೇ ಕೈಬಿಡುತ್ತದೆ. ಹೆಣ್ಣು ಬೆದೆಗೆ ಬರುವುದು ಹಗಲಿನ ಉದ್ದ ನೋಡಿಕೊಂಡು. ಹಾಗಾಗಿ ಗಂಡು ಒಂದು ಕೋಣೆಯಲ್ಲಿ, ಹೆಣ್ಣು ಇನ್ನೊಂದರಲ್ಲಿ; ಎರಡರಲ್ಲೂ ದೀಪಗಳು ಆಸ್ಟ್ರೇಲಿಯಾದ ಸೂರ್ಯನ ಪ್ರಕಾರ ತಾವಾಗಿ ಹೊತ್ತಿ ತಾವಾಗಿ ಆರುತ್ತಿದ್ದವು. ಆರಿದ ಮೇಲೆ ಕೆಲಸವಿದ್ದರೆ ಮಂದ ಕೆಂಪು ದೀಪ ಮಾತ್ರ; ಬಿಳಿ ಬೆಳಕು ಬಿದ್ದರೆ ಹೆಣ್ಣಿನ ಹಗಲಿನ ಲೆಕ್ಕ ತಪ್ಪುತ್ತದೆ. ಈ ನಿಯಮವನ್ನು ಎಲ್ಲರಿಗೂ ಕಲಿಸಿದವನು ನಾನೇ.

ಆ ವರ್ಷ ರಂಜಾನ್ ಸುಡುಬೇಸಗೆಯಲ್ಲಿ ಬಂತು. ಹೆಣ್ಣುಗಳ ಕೋಣೆಯ ಸಂಜೆ ಡ್ಯೂಟಿ ರಫೀಕನದು. ಉಪವಾಸವಿದ್ದು ಬಾಡಿದ ಅವನ ಮುಖ ನೋಡಿ ನನಗೆ ಪಾಪ ಅನಿಸಿತು.

"ಯಲ್ಲಾ, ಹೊರಡಿ ಬ್ಯಾರಿಗಳೇ, ಮನೆಗೆ ಹೋಗಿ. ಹೆಂಡತಿ ಮಕ್ಕಳೊಟ್ಟಿಗೆ ಇಫ್ತಾರ್ ಮಾಡಿ. ಇಲ್ಲಿ ನಾನಿದ್ದೇನಲ್ಲ," ಎಂದೆ.

"ಮೇಡಮಿಗೆ ಗೊತ್ತಾದ್ರೆ ಎಂಥ ಮಾಡುದು ಪೊರ್ಬುಗಳೇ?"

"ಗೊತ್ತಾದರಲ್ಲವಾ! ಹೋಗಿ ಮಾರಾಯ್ರೆ."

ಊರಿನಲ್ಲಿ ಮುಸ್ಲಿಮರು ಬ್ಯಾರಿಗಳು, ನಾವು ಕ್ರೈಸ್ತರು ಪೊರ್ಬುಗಳು. ಅಲ್ಲಿ ನಾವು ಹೀಗೆಯೇ — ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಅಂಗಡಿ ನೋಡಿಕೊಳ್ಳುತ್ತೇವೆ. ತಿಂಗಳಿಡೀ ನಾನು ನಿಂತೆ. ಮರುದಿನ ಅವನ ಮನೆಯಿಂದ ಸಮೋಸ ಬರುತ್ತಿತ್ತು. ನನ್ನ ಒಳ್ಳೆಯತನಕ್ಕೆ ನಾನೇ ಉಬ್ಬಿಹೋಗಿದ್ದೆ.

ಆದರೆ ನನ್ನ ಕಣ್ಣಿಗೆ ಪೊರೆ ಬರತೊಡಗಿತ್ತು. ಯಾರಿಗೂ ಹೇಳಿರಲಿಲ್ಲ — ಕಾಂಟ್ರ್ಯಾಕ್ಟ್ ಮುಂದುವರಿಸುವ ಹೊತ್ತು, ಕಣ್ಣು ಕಾಣದ ಸಂಶೋಧಕನನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೆಂಪು ದೀಪದಲ್ಲಿ ನನಗೆ ಗೂಡು ಯಾವುದು, ನೀರಿನ ಬಟ್ಟಲು ಯಾವುದು ತಿಳಿಯುತ್ತಿರಲಿಲ್ಲ. ಒಂದು ಸಂಜೆ ಬಿಳಿ ದೀಪ ಹಾಕಿದೆ. ಸ್ವಲ್ಪ ಹೊತ್ತು ತಾನೇ, ಎಂದುಕೊಂಡೆ. ಮರುದಿನವೂ ಹಾಕಿದೆ. ಆಮೇಲೆ — ಆಮೇಲೆ ಅದೇ ರೂಢಿಯಾಯಿತು. ಅದರಿಂದ ಏನಾಗುತ್ತದೆಂದು ಆ ಇಡೀ ಕೇಂದ್ರದಲ್ಲಿ ನನ್ನಷ್ಟು ಚೆನ್ನಾಗಿ ತಿಳಿದವರು ಇರಲಿಲ್ಲ.

ಗಂಡುಗಳು ತಮ್ಮ ಕಾಲಕ್ಕೆ ಸಿದ್ಧವಾದವು. ಜೊತೆಗೆ ಬಿಟ್ಟಾಗ ಹೆಣ್ಣುಗಳು ಕಚ್ಚಿ ಓಡಿಸಿದವು. ಗಂಡುಗಳ ಕೂದಲು ಉದುರಿತು, ಮೈ ಬಡವಾಯಿತು, ಒಂದೊಂದೇ ಸತ್ತವು. ಕೊನೆಯದನ್ನು ಗೂಡಿನಿಂದ ಎತ್ತಿದವನು ರಫೀಕ್. ಅಂಗೈಯಲ್ಲಿಟ್ಟುಕೊಂಡು, ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದ. ಅದಾಗಿ ಕೆಲವು ವಾರಗಳಿಗೆ ಹೆಣ್ಣುಗಳು ಬೆದೆಗೆ ಬಂದವು. ಗಂಡು ಎಲ್ಲಿತ್ತು?

ಮೇಡಂ ನಮ್ಮೆಲ್ಲರನ್ನು ಕರೆದು ಕೂರಿಸಿದರು. ಹೆಣ್ಣುಗಳ ಕೋಣೆಯಲ್ಲೇ ಏನೋ ತಪ್ಪಿದೆ ಎಂದು ಅವರಿಗೆ ಅಂದಾಜಾಗಿತ್ತು. ಸಂಜೆ ಡ್ಯೂಟಿ ಯಾರದೆಂದು ಕೇಳಿದರು.

ನಾನು, "ರಫೀಕನದು," ಎಂದೆ.

ಅದು ಸುಳ್ಳಲ್ಲ, ಡ್ಯೂಟಿ ಅವನದೇ. ಆ ಸುಳ್ಳಲ್ಲದ ಮಾತಿನ ಹಿಂದೆ ನಾನು ಅಡಗಿ ಕೂತೆ. ರಫೀಕ್ ಒಮ್ಮೆ ನನ್ನತ್ತ ನೋಡಿದ, ಆಮೇಲೆ ತಲೆ ತಗ್ಗಿಸಿದ. ತನ್ನ ಬದಲು ನಾನು ನಿಂತಿದ್ದೆನೆಂದು ಹೇಳಬಹುದಿತ್ತು. ಹೇಳಲಿಲ್ಲ. ಹೊರಗೆ ಬಂದ ಮೇಲೆ, "ನನಗೋಸ್ಕರ ನಿಂತವರು ನೀವು, ನಿಮ್ಮ ಹೆಸರು ನಾನು ಹೇಗೆ ಎತ್ತುದು?" ಎಂದ. ಆಗಲೂ ನಾನು ಬಾಯಿ ಬಿಡಲಿಲ್ಲ. ಅವನನ್ನು ತೆಗೆದುಹಾಕಿದರು, ಸ್ವಲ್ಪ ದಿನಕ್ಕೆ ಯೋಜನೆಯನ್ನೂ ಮುಚ್ಚಿದರು. ನನಗೆ ಬೇರೆ ವಿಭಾಗ ಸಿಕ್ಕಿತು. ಊರಿಗೆ ಹೋದಾಗ ಕಣ್ಣಿನ ಆಪರೇಷನ್ನೂ ಆಯಿತು. ಪ್ರತಿ ವರ್ಷ ಈಸ್ಟರಿಗೆ ಮೊದಲು ಪಾದ್ರಿಗಳ ಮುಂದೆ ಮಂಡಿಯೂರಿ ಸಣ್ಣಪುಟ್ಟ ಪಾಪಗಳನ್ನೆಲ್ಲ ಹೇಳಿದೆ, ಇದೊಂದನ್ನು ನುಂಗಿದೆ.

ಈಗ ರಫೀಕ್ ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ನಲ್ಲಿ ಹಕ್ಕಿ, ಮೊಲ ಮಾರುವ ಅಂಗಡಿಯಲ್ಲಿದ್ದಾನೆ. ಕಳೆದ ರಂಜಾನಿನ ಒಂದು ಸಂಜೆ ಹೋಗಿದ್ದೆ. ಇಫ್ತಾರಿಗೆ ಮನೆಗೆ ಹೋಗುವುದಿಲ್ಲವೇ ಎಂದು ಸಹಜವಾಗಿ ಕೇಳಿದೆ.

"ಇಲ್ಲ ಪೊರ್ಬುಗಳೇ. ಆ ವರ್ಷದಿಂದ ಒಂದು ದಿನವೂ ಹೋಗ್ಲಿಲ್ಲ. ಇಲ್ಲೇ ಒಂದು ಖರ್ಜೂರ, ನೀರು. ಡ್ಯೂಟಿ ಬಿಟ್ಟು ಸಮೋಸದ ಆಸೆಗೆ ಮನೆಗೆ ಹೋಗಿ ಅಷ್ಟು ಜೀವ ತೆಗೆದೆನಲ್ಲ ನಾನು."

ಅವನ ಕೆಲಸ ಹೋಗಿತ್ತೆಂದಷ್ಟೇ ತಿಳಿದಿದ್ದೆ. ಅವನ ಹಬ್ಬವನ್ನೂ ನಾನೇ ಕಿತ್ತುಕೊಂಡಿದ್ದೆ.

"ಲೈಟ್ ಹಾಕಿದ್ದು ನಾನು ರಫೀಕ್," ಎಂದೆ.

"ಯಾವ ಲೈಟ್?"

ಅವನಿಗೆ ಅದೂ ಗೊತ್ತಿರಲಿಲ್ಲ! ಗಿಳಿಗಳ ಗಲಾಟೆಯ ನಡುವೆ ಎಲ್ಲವನ್ನೂ ಹೇಳಿದೆ — ಕಣ್ಣು, ದೀಪ, ಆ ತಿಂಗಳು, ಮೇಡಮಿನ ಮುಂದೆ ನನ್ನ ಬಾಯಿಂದ ಬಂದ ಅವನ ಹೆಸರು. ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಹಾಗಾದ್ರೆ ನಾನಲ್ಲ," ಎಂದ. ಮತ್ತೆ, ತನಗೆ ತಾನೇ, "ನಾನಲ್ಲ."

ಉಪವಾಸ ಬಿಡುವ ಬಾಂಗ್‌ಗೆ ಇನ್ನೂ ಸಮಯವಿತ್ತು. ಪಕ್ಕದ ಅಂಗಡಿಯವನಿಗೆ ಏನೋ ಹೇಳಿ, ಫೋನು ತೆಗೆದು ಹೆಂಡತಿಗೆ ಮನೆಗೆ ಬರುತ್ತಿದ್ದೇನೆ ಎಂದ. ಆಚೆಯಿಂದ ಅವಳು ಏನು ಕೇಳಿದಳೋ, ಇವನ ಕಣ್ಣು ತುಂಬಿತು. ನನ್ನನ್ನು ದಾಟಿಕೊಂಡೇ ಹೋದ. ಬನ್ನಿ ಎಂದು ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.