ಹೊಳಲಿಗೆ ಆರೇ ನಿಮಿಷ

ನಾನು ಈವರೆಗೆ ವಿಮಾನ ಹತ್ತಿದವನಲ್ಲ. ಆದರೂ ಉತ್ತರದ ಹಿಮದಲ್ಲಿ ಹೂತುಹೋದ ಒಂದು ವಿಮಾನ ನಿಲ್ದಾಣದಿಂದ ದಕ್ಷಿಣ ಸಮುದ್ರದ ನಡುಗಡ್ಡೆಯ ಇನ್ನೊಂದು ನಿಲ್ದಾಣಕ್ಕೆ ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ ಎಂಬುದು ನನಗೆ ಬೇಕೇ ಬೇಕು. ಮೊಬೈಲಿನಲ್ಲಿ ಎರಡು ಹೆಸರು ಹಾಕಿದರೆ ಕಿಲೋಮೀಟರು, ಗಂಟೆ, ನಿಮಿಷ ಎಲ್ಲ ಬಂದುಬಿಡುತ್ತದೆ. ಆ ಎರಡು ಊರುಗಳ ನಡುವೆ ವಿಮಾನವೇ ಓಡಾಡುವುದಿಲ್ಲ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನಿವೃತ್ತ ಗುಮಾಸ್ತನಿಗೆ ಇಷ್ಟಾದರೂ ಲೋಕಸಂಚಾರ ಬೇಡವೇ?

ನಮ್ಮ ಹಿರಿಯರ ಲೆಕ್ಕ ಬೇರೆ. ಕೂಗಳತೆ ಎನ್ನುತ್ತಿದ್ದರು, ಹರದಾರಿ ಎನ್ನುತ್ತಿದ್ದರು. ನನ್ನ ಅಜ್ಜನಿಗಂತೂ ಪಕ್ಕದ ಹಳ್ಳಿ ಎರಡು ಸಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ದೂರ. ದಾರಿಯಲ್ಲಿ ಯಾರಾದರೂ ಮಾತಿಗೆ ಸಿಕ್ಕರೆ ಹಳ್ಳಿ ಇನ್ನಷ್ಟು ದೂರ ಸರಿಯುತ್ತಿತ್ತು.

ಹೋದ ತಿಂಗಳು ಒಂದು ಶುಕ್ರವಾರ ಹೊಳಲಿನಲ್ಲಿ ನನ್ನ ಭಾವಮೈದ ಹಾಲಪ್ಪನ ಮಗಳ ನಿಶ್ಚಿತಾರ್ಥ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಹುಡುಗಿಯ ಉಡಿ ತುಂಬಬೇಕು. ತುಂಬಬೇಕಾದವಳು ಇದ್ದೊಬ್ಬ ಸೋದರತ್ತೆ, ಅಂದರೆ ನನ್ನ ಹೆಂಡತಿ ಕೊಟ್ರಮ್ಮ. ಉಡಿಗೆ ಹಾಕುವ ಸೀರೆ ಅವಳ ಚೀಲದಲ್ಲಿತ್ತು. ಏಳಕ್ಕೆ ಮುಂಚೆಯೇ ಅವಳು ಕೂಡ್ಲಿಗಿಯ ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಳು. ನಾನು ಆಗಷ್ಟೇ ಹಿಮದ ನಿಲ್ದಾಣದಿಂದ ಮೇಲೆದ್ದು ಯಾವುದೋ ಮರುಭೂಮಿಯ ಮೇಲೆ ಹಾರುತ್ತಿದ್ದೆ. ಅವಸರ ಬೇಡವೆಂದೂ ವಿಮಾನದ ಲೆಕ್ಕದಲ್ಲಿ ಹೊಳಲು ಆರೇ ನಿಮಿಷವೆಂದೂ ಹೇಳಿದೆ. ನಾನು ನೆಲಕ್ಕಿಳಿಯುವಷ್ಟರಲ್ಲಿ ನಾವು ಹಿಡಿಯಬೇಕಿದ್ದ ಕೊಟ್ಟೂರಿನ ಬಸ್ಸು ಹೋಗಿತ್ತು.

ನಮ್ಮ ಬೀದಿಯ ಮೆಕ್ಯಾನಿಕ್ ಖಾಜಾಸಾಬ್ ಕೊಟ್ರಮ್ಮನ ಮುಖ ನೋಡಿ, ಏನೂ ಕೇಳದೆ ತನ್ನ ಹಳೆಯ ಜೀಪು ತೆಗೆದ. ಕೊಟ್ಟೂರಿನಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಅದು ಎದ್ದರೆ ಮುಂದೆ ಕುರಿಹಿಂಡು. ಹಡಗಲಿ ದಾಟುವವರೆಗೂ ಕೊಟ್ರಮ್ಮ ಸೀರೆಯ ಚೀಲ ತೊಡೆಯ ಮೇಲಿಟ್ಟುಕೊಂಡು ದಾರಿಯನ್ನೇ ನೋಡುತ್ತಿದ್ದಳು; ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸುಮ್ಮನಿರಲಾರದೆ ನಾನು ಖಾಜಾಸಾಬನಿಗೆ ವಿಮಾನದ ವೇಗ ವಿವರಿಸಿದೆ. ಅವನು ಎಲ್ಲ ಕೇಳಿಸಿಕೊಂಡು, "ಹೌದ್ರಿ ಸರ, ಮ್ಯಾಲೆ ಕುರಿ ಇರಂಗಿಲ್ಲಲ್ಲ" ಎಂದ.

ನಾವು ಚಪ್ಪರದೊಳಗೆ ಹೊಕ್ಕಾಗ ಸರಿಯಾಗಿ ಹತ್ತೂವರೆ. ಹರಪನಹಳ್ಳಿಯಿಂದ ಬಂದಿದ್ದ ಹುಡುಗನ ಅಜ್ಜಿ, ಇನ್ನೊಂದು ದಿನ ನೋಡೋಣ ಎನ್ನುತ್ತಿದ್ದರು. ಮಣೆಯ ಮೇಲಿದ್ದ ಹುಡುಗಿಯ ಕಣ್ಣು ತುಂಬಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆಯಲ್ಲಿ ಬಾಯಿ ತಾನೇ ತೆರೆಯಿತು.

"ಸ್ವಲ್ಪ ತಡೀರಿ. ಹತ್ತೂವರಿ ಅನ್ನೋದು ಕೂಡ್ಲಿಗಿ ಲೆಕ್ಕ, ಹೊಳಲು ಅದಕ್ಕಿಂತ ಪಡುವಣಕ್ಕೈತಿ. ಇಲ್ಲಿ ಹೊತ್ತು ಹುಟ್ಟೋದು ಎರಡೂವರಿ ನಿಮಿಷ ತಡ. ಅಂದಮ್ಯಾಲೆ ರಾಹುಕಾಲಾನೂ ತಡ."

ಶಾಸ್ತ್ರ ನಡೆಸುತ್ತಿದ್ದ ಅಯ್ಯನವರು ಪಂಚಾಂಗ ನೋಡಿದರು, ಸೂರ್ಯನನ್ನು ನೋಡಿದರು, ಕೊನೆಗೆ ಹುಡುಗಿಯ ಮುಖ ನೋಡಿದರು.

"ಖರೆ ಐತಿ. ಉಡಿ ತುಂಬ್ರಿ" ಎಂದರು.

ಕೊಟ್ರಮ್ಮ ಎರಡು ನಿಮಿಷದೊಳಗೆ ತುಂಬಿ ಮುಗಿಸಿದಳು. ಅಜ್ಜಿಯೇ ಎದ್ದು ಬಂದು ಹುಡುಗಿಗೆ ಹೂ ಮುಡಿಸಿದರು. ಊಟದ ಪಂಕ್ತಿಯಲ್ಲಿ ನಾನು ಅಕ್ಕಪಕ್ಕದವರಿಗೆಲ್ಲ ಭೂಮಿ ತಿರುಗುವ ಬಗೆಯನ್ನು ಹೋಳಿಗೆ ತಿರುಗಿಸಿ ತೋರಿಸಿದೆ. ವಾಪಸು ಬರುವಾಗ ಜೀಪಿನಲ್ಲಿ ಕೊಟ್ರಮ್ಮನ ಮೆಚ್ಚುಗೆಗಾಗಿ ಕಾದು ಕೂತೆ. ಅವಳು ನಿಧಾನಕ್ಕೆ ಮಾತು ತೆಗೆದಳು.

"ಅಲ್ರೀ, ಆ ಸೂರ್ಯಾನ್ನ ಎರಡೂವರಿ ನಿಮಿಷ ತಡದು ನಿಲ್ಲಿಸಿದ್ರಿ. ಮುಂಜಾನಿ ಆ ಬಸ್ಸಿಗೆ ಒಂದು ಕೈ ಅಡ್ಡ ಮಾಡಿದ್ರ ಸಾಕಾಗತಿತ್ತಲ್ರಿ."